ಮ್ಯಾಂಗನೀಸ್: ಅರ್ಧ ದಾರಿ ಸಲೀಸು, ಉಳಿದರ್ಧ ಬೆಟ್ಟ

ಪ್ರಶ್ನೆ: ನಾನು ಸಂಡೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಮೇಷ್ಟ್ರು. ನಮ್ಮ ಸುತ್ತಲ ಗುಡ್ಡಗಳಲ್ಲಿ ಮ್ಯಾಂಗನೀಸ್ ಅದಿರು ತೆಗೆಯುತ್ತಾರೆ. ಶಾಲೆಯ ಬೋರ್‌ವೆಲ್ ನೀರು ನೋಡಲು ತಿಳಿಯಾಗಿದೆ, ಆದರೆ ಮೇಲಿನ ಟ್ಯಾಂಕಿನ ಒಳಗೋಡೆಗೆ ಕಾಡಿಗೆಯಂಥ ಕಪ್ಪು ಲೇಪ ಕೂರುತ್ತದೆ. ಬಿಳಿ ಸಮವಸ್ತ್ರವನ್ನು ಬ್ಲೀಚಿಂಗ್ ಪೌಡರ್ ಹಾಕಿ ಒಗೆದರೆ ಕಂದು ಕಲೆ ಹೆಚ್ಚಾಗುತ್ತದೆ. ಇದು ಮ್ಯಾಂಗನೀಸೇ ಎನ್ನುತ್ತಾರೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಕಲ್ಲನ್ನು ಉಸಿರಾಡುವ ಬ್ಯಾಕ್ಟೀರಿಯಾ ಇವೆಯಂತೆ. ಅವು ಮ್ಯಾಂಗನೀಸ್ ಕಲ್ಲನ್ನು ಅಪಕರ್ಷಿಸುತ್ತವಂತೆ. ಹಾಗಾದರೆ ಕಾರ್ಖಾನೆಯವರು ಅಷ್ಟೊಂದು ಕರೆಂಟು ಸುಡುವ ಬದಲು ಬ್ಯಾಕ್ಟೀರಿಯಾ ಕೈಲೇ ಲೋಹ ತೆಗೆಸಬಾರದೇ?" ನನ್ನಿಂದ ಉತ್ತರ ಹೇಳಲಾಗಲಿಲ್ಲ. ಕಬ್ಬಿಣಕ್ಕೆ ಕಲ್ಲಿದ್ದಲು ಸಾಕಾದರೆ ಮ್ಯಾಂಗನೀಸಿಗೆ ವಿದ್ಯುತ್ ಏಕೆ ಬೇಕು, ಅದನ್ನೂ ತಿಳಿಸಿ.

ಉತ್ತರ:

ಮೇಷ್ಟ್ರೇ, ಆ ಹುಡುಗಿಗೆ ನನ್ನ ಶಹಬ್ಬಾಸ್ ಹೇಳಿ. ಫೆರೋ ಅಲಾಯ್, ಅಂದರೆ ಕಬ್ಬಿಣ ಬೆರೆತ ಮಿಶ್ರಲೋಹ ತೆಗೆಯುವ ಕುಲುಮೆಯ ಮುಂದೆ ನಾನು ವರ್ಷಗಟ್ಟಲೆ ದುಡಿದಿದ್ದೇನೆ. ಈ ಪ್ರಶ್ನೆಯನ್ನು ಇಷ್ಟು ಸರಿಯಾಗಿ ಯಾರೂ ನನ್ನ ಮುಂದೆ ಇಟ್ಟಿರಲಿಲ್ಲ. ಅವಳು ಓದಿದ್ದು ಸುಳ್ಳಲ್ಲ. ಅಪಕರ್ಷಣೆ ಎಂದರೆ ಎಲೆಕ್ಟ್ರಾನ್ ಕೊಡುವುದು. ಆ ಬ್ಯಾಕ್ಟೀರಿಯಾ ಮಾಡುವುದೂ ಅಪಕರ್ಷಣೆಯೇ, ಕುಲುಮೆ ಮಾಡುವುದೂ ಅಪಕರ್ಷಣೆಯೇ. ವ್ಯತ್ಯಾಸ ಇರುವುದು ದಾರಿಯ ಉದ್ದದಲ್ಲಿ. ಬ್ಯಾಕ್ಟೀರಿಯಾ ಅರ್ಧ ದಾರಿಗೆ ನಿಲ್ಲುತ್ತದೆ. ಅದಕ್ಕೆ ಅಲ್ಲಿಂದಾಚೆ ಹೋಗಲು ಆಗುವುದೂ ಇಲ್ಲ, ಹೋಗುವ ಅಗತ್ಯವೂ ಇಲ್ಲ.

ಎರಡು ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆದರೆ ವಿಷಯ ಬಿಡಿಸಿಕೊಳ್ಳುತ್ತದೆ. ನಿಮ್ಮ ಗುಡ್ಡದ ಕಪ್ಪು ಕಲ್ಲಿನ ಮುಖ್ಯ ಖನಿಜಗಳಲ್ಲಿ ಒಂದು ಪೈರೊಲುಸೈಟ್, ಅಂದರೆ ಮ್ಯಾಂಗನೀಸ್ ಡೈಆಕ್ಸೈಡ್. ಅದರಲ್ಲಿ ಪ್ರತಿ ಮ್ಯಾಂಗನೀಸ್ ಪರಮಾಣುವೂ ನಾಲ್ಕು ಎಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿಯಲ್ಲಿದೆ. ಲೋಹವಾಗಬೇಕಾದರೆ ಆ ನಾಲ್ಕನ್ನೂ ವಾಪಸ್ ಕೊಡಬೇಕು. ಮೊದಲ ಎರಡನ್ನು ಕೊಟ್ಟಾಗ ಕಪ್ಪು ಕಲ್ಲು ನೀರಿನಲ್ಲಿ ಕರಗುವ, ಹೆಚ್ಚುಕಡಿಮೆ ಬಣ್ಣವೇ ಇಲ್ಲದ ಎರಡು ಧನ ಮ್ಯಾಂಗನೀಸ್ ಅಯಾನ್ ಆಗುತ್ತದೆ. ಆಮ್ಲೀಯ ದ್ರಾವಣದಲ್ಲಿ ಈ ಹಂತದ ವಿಭವ, ಅಂದರೆ ಎಲೆಕ್ಟ್ರಾನ್ ಸೆಳೆಯುವ ಬಲದ ಅಳತೆ, +1.23 ವೋಲ್ಟ್. ಉಳಿದೆರಡನ್ನು ಕೊಟ್ಟರೆ ಅಯಾನ್ ಲೋಹವಾಗುತ್ತದೆ. ಆ ಹಂತದ ವಿಭವ −1.18 ವೋಲ್ಟ್. ಸಂಖ್ಯೆಗಳು ಹೆಚ್ಚುಕಡಿಮೆ ಒಂದೇ, ಚಿಹ್ನೆ ಮಾತ್ರ ತಿರುವುಮುರುವು. ಧನ ಚಿಹ್ನೆ ಇದ್ದರೆ ವಸ್ತು ತಾನಾಗಿ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಋಣ ಚಿಹ್ನೆ ಇದ್ದರೆ ನಾವು ಬಲವಂತವಾಗಿ ತುರುಕಬೇಕು. ಕಬ್ಬಿಣದ ಅಯಾನ್ ಲೋಹವಾಗುವ ಹಂತ −0.44 ವೋಲ್ಟ್ ಅಷ್ಟೇ. ಮ್ಯಾಂಗನೀಸಿನ ಹಠ ಎಷ್ಟೆಂಬುದು ಈ ಹೋಲಿಕೆಯಲ್ಲೇ ಕಾಣುತ್ತದೆ.

ಹೀಗಾಗಿ ಮೊದಲ ಅರ್ಧ ದಾರಿಯನ್ನು ಯಾರು ಬೇಕಾದರೂ ನಡೆಸಬಹುದು. ನಿಂಬೆಹಣ್ಣು, ಬೆಲ್ಲ, ಟಾರ್ಚಿನ ಸೆಲ್ಲು, ಕೆಸರಿನ ಬ್ಯಾಕ್ಟೀರಿಯಾ ಎಲ್ಲಕ್ಕೂ ಅದು ಸಾಧ್ಯ. ಎರಡನೇ ಅರ್ಧವನ್ನು ಭೂಮಿಯ ಮೇಲೆ ಯಾವ ಜೀವಿಯೂ ನಡೆಸಿದ್ದಿಲ್ಲ. ಚಿನ್ನ, ತಾಮ್ರ ನೆಲದಲ್ಲಿ ಲೋಹವಾಗಿಯೇ ಸಿಗುವುದುಂಟು. ಮ್ಯಾಂಗನೀಸ್ ಲೋಹದ ಗಟ್ಟಿಯನ್ನು ನೆಲದಿಂದ ಅಗೆದು ತೆಗೆದವರಿಲ್ಲ.

ಮೊದಲ ಅರ್ಧವನ್ನು ನಿಮ್ಮ ಟ್ಯಾಂಕಿನ ಲೇಪದಲ್ಲೇ ನೋಡಿಬಿಡಿ. ಆ ಕಾಡಿಗೆಯನ್ನು ಬೆರಳಲ್ಲಿ ಒರೆಸಿ ಬಿಳಿ ಪಿಂಗಾಣಿ ತಟ್ಟೆಗೆ ಬಳಿಯಿರಿ. ಔಷಧಿ ಅಂಗಡಿಯ ಒಂದು ವಿಟಮಿನ್ ಸಿ ಮಾತ್ರೆಯನ್ನು ಪುಡಿ ಮಾಡಿ ಚಮಚ ನೀರಿನಲ್ಲಿ ಕಲಸಿ ಮೇಲೆ ಸುರಿಯಿರಿ. ಮ್ಯಾಂಗನೀಸ್ ಆಗಿದ್ದರೆ ಕಪ್ಪು ನಿಮ್ಮ ಕಣ್ಣೆದುರೇ ಮಾಸಿ ಹೋಗುತ್ತದೆ. ಕಬ್ಬಿಣದ ತುಕ್ಕಾದರೆ ಇಷ್ಟು ಬೇಗ ಜಗ್ಗುವುದಿಲ್ಲ. ಕಪ್ಪು ಎಲ್ಲಿಗೂ ಹೋಗಿಲ್ಲ, ಎರಡು ಎಲೆಕ್ಟ್ರಾನ್ ಸಿಕ್ಕ ಕೂಡಲೇ ಬಣ್ಣ ಬಿಟ್ಟು ನೀರಿನಲ್ಲಿ ಕರಗಿದೆ ಅಷ್ಟೇ. ಸಮವಸ್ತ್ರದ ಕಲೆಯ ಗುಟ್ಟೂ ಇಲ್ಲೇ ಇದೆ. ಬ್ಲೀಚಿಂಗ್ ಪೌಡರ್ ಉತ್ಕರ್ಷಕ, ಅಂದರೆ ಎಲೆಕ್ಟ್ರಾನ್ ಕಿತ್ತುಕೊಳ್ಳುವಂಥದ್ದು. ನೀರಿನಲ್ಲಿ ಕರಗಿ ಕಾಣದಂತಿದ್ದ ಮ್ಯಾಂಗನೀಸನ್ನು ಅದು ಬಟ್ಟೆಯ ಎಳೆಯ ಮೇಲೆಯೇ ಕಂದು ಆಕ್ಸೈಡ್ ಮಾಡಿ ಕೂರಿಸುತ್ತದೆ. ಆ ಕಲೆಗೆ ನಿಂಬೆರಸ ಅಥವಾ ವಿಟಮಿನ್ ಸಿ ನೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಜಾಲಿಸಿ. ಮತ್ತೆ ಬ್ಲೀಚ್ ಮುಟ್ಟಿಸಬೇಡಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಟ್ಯಾಂಕ್ ತೊಳೆಯುವವರು ಕಪ್ಪು ಹೋಗಲೆಂದು ಶೌಚಾಲಯ ತೊಳೆಯುವ ಆ್ಯಸಿಡ್ ಸುರಿಯುವುದನ್ನು ನಾನು ನೋಡಿದ್ದೇನೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ಮ್ಯಾಂಗನೀಸ್ ಡೈಆಕ್ಸೈಡ್ ಅದರ ಕ್ಲೋರೈಡಿನಿಂದಲೇ ಎಲೆಕ್ಟ್ರಾನ್ ಕಿತ್ತುಕೊಂಡು ಕ್ಲೋರಿನ್ ಅನಿಲ ಹೊರಡಿಸುತ್ತದೆ. 1774ರಲ್ಲಿ ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಶೀಲೆ ಕ್ಲೋರಿನ್ ಅನಿಲವನ್ನು ಮೊದಲು ಹಿಡಿದದ್ದು ಇದೇ ಕ್ರಿಯೆಯಿಂದ. ಗಾಳಿಯಾಡದ ಟ್ಯಾಂಕಿನೊಳಗೆ ಇಳಿದು ಕೂತವನ ಎದೆಗೆ ಆ ಅನಿಲ ಹೋಗಬಾರದು. ಬ್ಲೀಚಿಂಗ್ ಪೌಡರಿನ ಶೇಷವೂ ಅಲ್ಲಿದ್ದರೆ ಅಪಾಯ ಇಮ್ಮಡಿ.

ಪದವಿ ಕಾಲೇಜಿನ ಲ್ಯಾಬಿನಲ್ಲಿ ನೀವು ಆಕ್ಸಾಲಿಕ್ ಆಮ್ಲಕ್ಕೆ ಪರ್ಮಾಂಗನೇಟ್ (ಮ್ಯಾಂಗನೀಸಿನದೇ ನೇರಳೆ ಲವಣ) ಟೈಟ್ರೇಷನ್ ಮಾಡಿರುತ್ತೀರಿ. ದ್ರಾವಣ ಬಿಸಿ ಮಾಡಿ ಬ್ಯೂರೆಟ್ಟಿನಿಂದ ಮೊದಲ ಹನಿ ಬಿಟ್ಟರೆ ನೇರಳೆ ಬಣ್ಣ ಮೊಂಡು ಹಿಡಿದು ನಿಲ್ಲುತ್ತದೆ, ನಾಲ್ಕೈದು ಹನಿ ಆದಮೇಲೆ ಬಿದ್ದದ್ದೇ ತಡ ಮಾಯವಾಗುತ್ತದೆ. ಕ್ರಿಯೆಯಲ್ಲಿ ಹುಟ್ಟುವ ಎರಡು ಧನ ಮ್ಯಾಂಗನೀಸೇ ಮುಂದಿನ ಕ್ರಿಯೆಗೆ ವೇಗವರ್ಧಕ. ಅಂದು ನೀವು ಹನಿ ಹನಿಯಾಗಿ ನೋಡಿದ್ದೂ ಇದೇ ಅರ್ಧ ದಾರಿ. ಹೊರಟ ಜಾಗ ಇನ್ನೂ ಮೇಲಿನದು, ಏಳು ಧನದ್ದು, ಅಷ್ಟೇ ವ್ಯತ್ಯಾಸ.

ಬೆಲ್ಲದ ಮಾತು ಎತ್ತಿದೆನಲ್ಲ, ಅದು ತಮಾಷೆಗಲ್ಲ. ಕೆಳದರ್ಜೆಯ ಮ್ಯಾಂಗನೀಸ್ ಅದಿರಿನ ಪುಡಿಯನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಹಾಕಿದರೆ ಡೈಆಕ್ಸೈಡ್ ಕರಗುವುದೇ ಇಲ್ಲ. ಅದಕ್ಕೆ ಸಕ್ಕರೆ ಕಾರ್ಖಾನೆಯ ಕಾಕಂಬಿ ಸೇರಿಸಿ ಬಿಸಿ ಮಾಡಿದರೆ ಕರಗುತ್ತದೆ. ಸಕ್ಕರೆಯ ಕಣ ತನ್ನ ಎಲೆಕ್ಟ್ರಾನ್‌ಗಳನ್ನೆಲ್ಲ ಕೊಟ್ಟು ಕಾರ್ಬನ್ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ಲೆಕ್ಕ ಹಾಕಿದರೆ 1 ಕಿಲೋ ಮ್ಯಾಂಗನೀಸ್ ಡೈಆಕ್ಸೈಡಿಗೆ ಸುಮಾರು 165 ಗ್ರಾಂ ಸಕ್ಕರೆ ಸಾಕು. ವಾಸ್ತವದಲ್ಲಿ ಸಕ್ಕರೆ ಪೂರ್ತಿ ಉರಿಯದೆ ಫಾರ್ಮಿಕ್ ಆಮ್ಲದಂಥ ತುಣುಕುಗಳಲ್ಲಿ ನಿಂತುಬಿಡುವುದರಿಂದ ಹೆಚ್ಚೇ ಬೇಕಾಗುತ್ತದೆ. ಮರದ ಪುಡಿ, ಗಂಧಕದ ಡೈಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಹೀಗೆ ಅಪಕರ್ಷಕಗಳ ಸಾಲು ದೊಡ್ಡದಿದೆ. ಹಿಂದೂ ಮಹಾಸಾಗರದ ಮಧ್ಯ ಜಲಾನಯನದಲ್ಲಿ ಭಾರತಕ್ಕೆ ಅನ್ವೇಷಣೆಗೆ ಸಿಕ್ಕಿರುವ 75,000 ಚದರ ಕಿಲೋಮೀಟರ್ ತಳದಲ್ಲಿ ಆಲೂಗಡ್ಡೆಯಂತೆ ಬಿದ್ದಿರುವ ಮ್ಯಾಂಗನೀಸ್ ಗಂಟುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವುಗಳೊಳಗಿನ ನಿಕ್ಕಲ್, ಕೋಬಾಲ್ಟ್, ತಾಮ್ರ ಬಿಡಿಸಿಕೊಳ್ಳಬೇಕಾದರೆ ಮೊದಲು ಮ್ಯಾಂಗನೀಸ್ ಆಕ್ಸೈಡಿನ ಹಿಡಿತ ಸಡಿಲಿಸಬೇಕು, ಅಂದರೆ ಅದನ್ನು ಅಪಕರ್ಷಿಸಬೇಕು.

ಟಾರ್ಚಿನ ಸೆಲ್ಲೂ ಹಾಗೆಯೇ. 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ರೂಪಿಸಿದ ಕೋಶದಿಂದ ಇಂದಿನ ಗಡಿಯಾರದ ಸೆಲ್ಲಿನವರೆಗೆ ಒಳಗಿರುವ ಕಪ್ಪು ಹಿಟ್ಟು ಮ್ಯಾಂಗನೀಸ್ ಡೈಆಕ್ಸೈಡೇ. ಸತು ಕೊಟ್ಟ ಎಲೆಕ್ಟ್ರಾನ್ ತಂತಿಯ ಮೂಲಕ ಬಂದು ಆ ಕಪ್ಪು ಹಿಟ್ಟನ್ನು ಸೇರುತ್ತದೆ. ದಾರಿಯಲ್ಲಿ ನಿಮ್ಮ ಗಡಿಯಾರದ ಮುಳ್ಳನ್ನು ತಿರುಗಿಸುತ್ತದೆ.

ಈಗ ಆ ಹುಡುಗಿಯ ಬ್ಯಾಕ್ಟೀರಿಯಾಗೆ ಬರೋಣ.

ನಾವು ಅನ್ನ ತಿನ್ನುತ್ತೇವೆ, ಅದರಲ್ಲಿನ ಎಲೆಕ್ಟ್ರಾನ್‌ಗಳನ್ನು ಜೀವಕೋಶದೊಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಶಕ್ತಿ ಪಡೆಯುತ್ತೇವೆ. ಕೊನೆಗೆ ಅವನ್ನು ಯಾರಿಗಾದರೂ ಒಪ್ಪಿಸಬೇಕು. ನಾವು ಆಮ್ಲಜನಕಕ್ಕೆ ಒಪ್ಪಿಸುತ್ತೇವೆ. ಉಸಿರಾಟ ಎಂದರೆ ಇದೇ. ಕೆರೆಯ ತಳದ ಕೆಸರಿನಲ್ಲಿ ಆಮ್ಲಜನಕ ಇಲ್ಲ. ಅಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಎಲೆಕ್ಟ್ರಾನ್‌ಗಳನ್ನು ಮ್ಯಾಂಗನೀಸ್ ಡೈಆಕ್ಸೈಡಿಗೆ ಒಪ್ಪಿಸುತ್ತವೆ. ತೊಡಕೆಂದರೆ ಆಮ್ಲಜನಕದಂತೆ ಕಲ್ಲು ಜೀವಕೋಶದ ಒಳಗೆ ಹೋಗುವುದಿಲ್ಲ, ಹೊರಗೇ ಇರುತ್ತದೆ. ಹೀಗಾಗಿ ಎಲೆಕ್ಟ್ರಾನನ್ನೇ ಗೋಡೆಯಾಚೆ ದಾಟಿಸಬೇಕು.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಒನೈಡಾ ಎಂಬ ಸರೋವರವಿದೆ. ಅದರಲ್ಲಿನ ಮ್ಯಾಂಗನೀಸ್ ಆಕ್ಸೈಡ್ ಬರೀ ರಸಾಯನಶಾಸ್ತ್ರದ ಲೆಕ್ಕಕ್ಕೆ ಸಿಗದಷ್ಟು ಬೇಗ ಕರಗಿ ಹೋಗುವುದನ್ನು ಗಮನಿಸಿದ ವಿಜ್ಞಾನಿ ಕೆನೆತ್ ನೀಲ್ಸನ್ ಅವರು ಇದರ ಹಿಂದೆ ಜೀವಿ ಇರಬೇಕೆಂದು ಹುಡುಕಿದರು. 1988ರಲ್ಲಿ ಚಾರ್ಲ್ಸ್ ಮೈಯರ್ಸ್ ಜೊತೆಗೂಡಿ ಆ ಬ್ಯಾಕ್ಟೀರಿಯಾವನ್ನು ಜಗತ್ತಿನ ಮುಂದಿಟ್ಟರು. ಇಂದು ಅದರ ಹೆಸರು ಶೀವನೆಲ್ಲಾ ಒನೈಡೆನ್ಸಿಸ್. ಅದೇ ಕಾಲಕ್ಕೆ ಡೆರೆಕ್ ಲವ್ಲಿ ಅವರು ಪೊಟೊಮ್ಯಾಕ್ ನದಿಯ ಕೆಸರಿನಿಂದ ಮತ್ತೊಂದನ್ನು ಬೇರ್ಪಡಿಸಿದರು, ಅದು ಜಿಯೋಬ್ಯಾಕ್ಟರ್. ಶೀವನೆಲ್ಲಾದ ಹೊರಪೊರೆಯಲ್ಲಿ ಸೈಟೋಕ್ರೋಮ್ ಎಂಬ ಪ್ರೋಟೀನುಗಳು ಒಂದಕ್ಕೊಂದು ತಾಗಿಕೊಂಡು ಒಳಗಿನಿಂದ ಹೊರಗಿನವರೆಗೆ ಸಾಲುಗಟ್ಟಿವೆ. ಅವುಗಳಲ್ಲಿರುವುದು ಹೀಮ್, ನಮ್ಮ ರಕ್ತಕ್ಕೆ ಕೆಂಪು ಕೊಡುವ ಅದೇ ಕಬ್ಬಿಣದ ಉಂಗುರ. ಹಾಗಾಗಿ ಈ ಬ್ಯಾಕ್ಟೀರಿಯಾವನ್ನು ದಟ್ಟವಾಗಿ ಬೆಳೆಸಿದರೆ ಗುಲಾಬಿ ಬಣ್ಣ ಬರುತ್ತದೆ. ಎಲೆಕ್ಟ್ರಾನ್ ಹೀಮಿನಿಂದ ಹೀಮಿಗೆ ಜಿಗಿಯುತ್ತಾ ಹೊರಬಂದು ಕಲ್ಲನ್ನು ಮುಟ್ಟುತ್ತದೆ. ಕಲ್ಲು ಸ್ವಲ್ಪ ದೂರದಲ್ಲಿದ್ದರೆ ಫ್ಲೇವಿನ್ ಎಂಬ ಪುಟ್ಟ ಅಣುಗಳನ್ನು ಹೊರಬಿಟ್ಟು ಅವುಗಳ ಕೈಲಿ ಕಳಿಸುತ್ತದೆ.

ನಾನು ಲೋಹದ ಮನುಷ್ಯ, ಜೀವಶಾಸ್ತ್ರದವನಲ್ಲ. ಆದರೂ 1,500 ಡಿಗ್ರಿ ಬೆಂಕಿಯ ಮುಂದೆ ನಿಂತು ಮಾಡುತ್ತಿದ್ದ ಕೆಲಸದ ಮೊದಲ ಪಾಲನ್ನು ಕಣ್ಣಿಗೆ ಕಾಣದ ಜೀವಿ ಕೆರೆಯ ಕೆಸರಲ್ಲಿ ತಣ್ಣಗೆ ಮಾಡುತ್ತದೆಂದು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ.

ಅವಳ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಬ್ಯಾಕ್ಟೀರಿಯಾ ಈ ಕೆಲಸ ಮಾಡುವುದು ಅದರಿಂದ ಶಕ್ತಿ ದಕ್ಕುತ್ತದೆಂಬ ಕಾರಣಕ್ಕೆ. ಮೊದಲ ಅರ್ಧ ದಾರಿ ಇಳಿಜಾರು, ಇಳಿಯುವಾಗ ಶಕ್ತಿ ಸಿಗುತ್ತದೆ. ಎರಡನೇ ಅರ್ಧ ಏರು, ಅಲ್ಲಿ ಶಕ್ತಿ ಸುರಿಯಬೇಕು. ತಿಂದ ಅನ್ನದಿಂದ ಸಿಗುವ ಎಲೆಕ್ಟ್ರಾನಿಗೆ −1.18 ವೋಲ್ಟಿನ ಬೆಟ್ಟ ಹತ್ತುವ ಕಸುವು ಇಲ್ಲ. ಅಲ್ಲಿಗೆ ತಲುಪುವ ಮೊದಲೇ ಸುತ್ತಲ ನೀರೇ ಒಡೆದು ಹೈಡ್ರೋಜನ್ ಹೊರಟುಬಿಡುತ್ತದೆ. ಹೀಗಾಗಿ ಬ್ಯಾಕ್ಟೀರಿಯಾದಿಂದ ಅದಿರು ಕರಗಿಸಬಹುದು, ಬೇರ್ಪಡಿಸಬಹುದು, ಲೋಹದ ಗಟ್ಟಿ ಮಾತ್ರ ತೆಗೆಯಲಾಗದು.

ಕೆಸರಿನಲ್ಲಿ ಇದಕ್ಕೊಂದು ಸರದಿ ಇದೆ. ಸಿರುಗುಪ್ಪ, ಗಂಗಾವತಿ ಕಡೆ ತುಂಗಭದ್ರಾ ಕಾಲುವೆಯ ನೀರು ಗದ್ದೆಗೆ ನಿಲ್ಲಿಸಿದ ಮೇಲೆ ಮಣ್ಣಿನೊಳಗೆ ಮೊದಲು ಆಮ್ಲಜನಕ ಮುಗಿಯುತ್ತದೆ, ಆಮೇಲೆ ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಆಮೇಲೆ ಕಬ್ಬಿಣ, ಅದರ ನಂತರ ಸಲ್ಫೇಟ್, ಕೊನೆಗೆ ಮೀಥೇನ್ ಗುಳ್ಳೆ. ಹೆಚ್ಚು ಶಕ್ತಿ ಕೊಡುವುದನ್ನು ಮೊದಲು ಉಸಿರಾಡಿ ಮುಗಿಸಿ ಮುಂದಿನದಕ್ಕೆ ಹೋಗುವ ಕ್ರಮ ಇದು. ಗದ್ದೆಯ ನೀರಿನ ಮೇಲೆ ಕೆಲವೊಮ್ಮೆ ಎಣ್ಣೆಯಂಥ ಬಣ್ಣದ ಪೊರೆ ಕಾಣುತ್ತದಲ್ಲ, ಕಡ್ಡಿಯಿಂದ ತಿವಿದು ನೋಡಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಗಾಜಿನಂತೆ ಚೂರುಚೂರಾದರೆ ಅದು ಕೆಳಗಿನಿಂದ ಕರಗಿ ಬಂದ ಕಬ್ಬಿಣ ಅಥವಾ ಮ್ಯಾಂಗನೀಸ್ ಗಾಳಿಗೆ ಸೋಕಿ ಮತ್ತೆ ಆಕ್ಸೈಡ್ ಆದದ್ದು.

ನಿಮ್ಮ ಬೋರ್‌ವೆಲ್ ಕಥೆಯೂ ಇದರ ಮುಂದುವರಿಕೆ. ಆಳದಲ್ಲಿ ಆಮ್ಲಜನಕವಿಲ್ಲ. ಮೇಲಿಂದ ಬಸಿದುಬಂದ ಅಷ್ಟಿಷ್ಟು ಸಾವಯವ ವಸ್ತು ತಿಂದು ಬ್ಯಾಕ್ಟೀರಿಯಾ ಬಂಡೆ ಬಿರುಕಿನ ಮ್ಯಾಂಗನೀಸ್ ಆಕ್ಸೈಡನ್ನು ಕರಗಿಸುತ್ತವೆ. ನೀರು ತಿಳಿಯಾಗಿಯೇ ಮೇಲೆ ಬರುತ್ತದೆ. ಇಲ್ಲಿ ಕಬ್ಬಿಣಕ್ಕೂ ಮ್ಯಾಂಗನೀಸಿಗೂ ಒಂದು ಸ್ವಾರಸ್ಯದ ವ್ಯತ್ಯಾಸವಿದೆ. ಆಗತಾನೇ ತೆಗೆದ ನೀರನ್ನು ತೊಳೆದ ಹೊಸ ಬಾಟಲಿಯಲ್ಲಿ ಹಿಡಿದಿಡಿ. ಕಬ್ಬಿಣವಿದ್ದರೆ ಕೆಲವೇ ಗಂಟೆಗಳಲ್ಲಿ ಕೆಂಪಾಗುತ್ತದೆ. ಮ್ಯಾಂಗನೀಸ್ ಮಾತ್ರ ಇದ್ದರೆ ದಿನಗಟ್ಟಲೆ ತಿಳಿಯಾಗಿಯೇ ಇರುತ್ತದೆ, ಏಕೆಂದರೆ ಪಿಎಚ್ 7ರ ಆಸುಪಾಸಿನ ನೀರಿನಲ್ಲಿ ಬರೀ ಗಾಳಿಯಿಂದ ಅದು ಉತ್ಕರ್ಷಿಸಲು ತಿಂಗಳುಗಳೇ ಬೇಕು. ಆದರೆ ಹಳೆಯ ಟ್ಯಾಂಕಿನ ಗೋಡೆಗೆ ಬಂದ ಕೂಡಲೇ ಆಟ ಬೇರೆ. ಅಲ್ಲಿ ನೆಲೆಸಿದ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಅದನ್ನು ಉತ್ಕರ್ಷಿಸುತ್ತವೆ. ಒಮ್ಮೆ ಕೂತ ಕಪ್ಪು ಲೇಪವೂ ಹೊಸ ಮ್ಯಾಂಗನೀಸನ್ನು ಸೆಳೆದುಕೊಳ್ಳುತ್ತದೆ. ಕಪ್ಪಿಗೆ ಕಪ್ಪು ಸೇರುತ್ತಾ ಹೋಗುತ್ತದೆ. ಬಂಡೆಯಲ್ಲಿ ಒಂದು ಜೀವಿ ಬಿಚ್ಚಿದ್ದನ್ನು ಟ್ಯಾಂಕಿನಲ್ಲಿ ಇನ್ನೊಂದು ಕಟ್ಟುತ್ತಿದೆ.

ಮಕ್ಕಳು ಕುಡಿಯುವ ನೀರಾದ್ದರಿಂದ ಇದನ್ನು ಹಗುರವಾಗಿ ಬಿಡಬೇಡಿ. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿನ ಮ್ಯಾಂಗನೀಸಿಗೆ ಲೀಟರಿಗೆ 0.1 ಮಿಲಿಗ್ರಾಂ ಮಿತಿ, ಬೇರೆ ನೀರಿನ ಮೂಲ ಇಲ್ಲದಿದ್ದರೆ 0.3ರವರೆಗೆ ಒಪ್ಪುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಈಗ 0.08 ಎನ್ನುತ್ತದೆ. ಲ್ಯಾಬಿಗೆ ಕಳಿಸಿ ಅಳತೆ ಮಾಡಿಸಿ. ಹೆಚ್ಚಿದ್ದರೆ ಬರೀ ಗಾಳಿಗೆ ಚಿಮ್ಮಿಸುವ ಕಬ್ಬಿಣದ ಫಿಲ್ಟರ್ ಸಾಲದು, ಮ್ಯಾಂಗನೀಸ್ ಡೈಆಕ್ಸೈಡ್ ಲೇಪಿಸಿದ ಮರಳಿನ ಫಿಲ್ಟರ್ ಕೇಳಿ. ಟ್ಯಾಂಕ್ ಗೋಡೆ ಮಾಡುವ ಕೆಲಸವನ್ನೇ ಅದು ನಿಮ್ಮ ಹಿಡಿತದಲ್ಲಿ ಮಾಡುತ್ತದೆ.

ಇನ್ನು ಬೆಟ್ಟ ಹತ್ತುವ ಅರ್ಧ. ಕಬ್ಬಿಣದ ಊದುಕುಲುಮೆಯಲ್ಲಿ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಉರಿದು ಕಾರ್ಬನ್ ಮೊನಾಕ್ಸೈಡ್ ಅನಿಲವಾಗುತ್ತದೆ. ಆ ಅನಿಲವೇ ಅದಿರಿನ ಸಂದುಗಳಲ್ಲಿ ನುಸುಳಿ ಆಮ್ಲಜನಕ ಕಿತ್ತುಕೊಂಡು ಕಬ್ಬಿಣ ಬಿಡಿಸುತ್ತದೆ. ಮ್ಯಾಂಗನೀಸ್ ಅದಿರಿನಲ್ಲೂ ಈ ಅನಿಲ ಡೈಆಕ್ಸೈಡನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತದೆ, ಶಾಖವನ್ನೂ ಕೊಡುತ್ತದೆ. ಆದರೆ ಮ್ಯಾಂಗನಸ್ ಆಕ್ಸೈಡ್, ಅಂದರೆ ಎರಡು ಧನದ ಹಂತ, ಬಂದೊಡನೆ ಕೈಚೆಲ್ಲುತ್ತದೆ. ಅಲ್ಲಿಂದ ಮುಂದೆ ಅನಿಲದಲ್ಲಿ ಲವಲೇಶ ಕಾರ್ಬನ್ ಡೈಆಕ್ಸೈಡ್ ಇದ್ದರೂ ಕ್ರಿಯೆ ನಿಂತುಬಿಡುತ್ತದೆ. ಮತ್ತದೇ ಅರ್ಧ ದಾರಿ, ನೋಡಿ. ಬ್ಯಾಕ್ಟೀರಿಯಾ ನಿಂತ ಮೆಟ್ಟಿಲಲ್ಲೇ ಅನಿಲವೂ ನಿಂತಿತು.

ಆಚೆಗೆ ಘನ ಇಂಗಾಲವೇ ನೇರವಾಗಿ ಕೈಹಾಕಬೇಕು. ಅದಕ್ಕೆ 1,400 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖ ಬೇಕು, ಮತ್ತು ಆ ಕ್ರಿಯೆ ಶಾಖ ಕುಡಿಯುತ್ತದೆ. ಇದೇ ಕೆಲಸವನ್ನು 1774ರಲ್ಲಿ ಶೀಲೆಯ ಗೆಳೆಯ ಯೋಹಾನ್ ಗಾಟ್ಲೀಬ್ ಗಾನ್ ಇದ್ದಿಲು ತುಂಬಿದ ಮೂಸೆಯಲ್ಲಿ ಮಾಡಿ ಮೊದಲ ಮ್ಯಾಂಗನೀಸ್ ಲೋಹದ ಗುಂಡು ತೆಗೆದ. ಊದುಕುಲುಮೆಯಲ್ಲೂ ಫೆರೋ ಮ್ಯಾಂಗನೀಸ್, ಅಂದರೆ ಕಬ್ಬಿಣ ಬೆರೆತ ಮ್ಯಾಂಗನೀಸ್, ತೆಗೆಯಬಹುದು, ತೆಗೆದಿದ್ದಾರೆ. ಆದರೆ ಅಲ್ಲಿ ಶಾಖಕ್ಕೂ ಕೋಕನ್ನೇ ಸುಡಬೇಕು, ಕಬ್ಬಿಣಕ್ಕಿಂತ ಬಹಳ ಹೆಚ್ಚು ಹಿಡಿಯುತ್ತದೆ. ಹಾಗಾಗಿ ಶಾಖದ ಕೆಲಸವನ್ನು ವಿದ್ಯುತ್ತಿಗೆ ವಹಿಸಿ, ಕೋಕನ್ನು ಆಮ್ಲಜನಕ ಕೀಳಲು ಮಾತ್ರ ಇಟ್ಟುಕೊಳ್ಳುವುದು ಇಂದಿನ ರೂಢಿ. ಮೂರು ದಪ್ಪ ಇಂಗಾಲದ ಇಲೆಕ್ಟ್ರೋಡುಗಳು ಅದಿರು, ಕೋಕ್, ಸುಣ್ಣದ ಕಲ್ಲಿನ ರಾಶಿಯೊಳಗೆ ಹೂತುಕೊಂಡಿರುತ್ತವೆ. 1 ಟನ್ ಫೆರೋ ಮ್ಯಾಂಗನೀಸಿಗೆ ಸುಮಾರು 2,500ರಿಂದ 3,000 ಯೂನಿಟ್, ಸಿಲಿಕಾನ್ ಕೂಡ ಬೆರೆತ ಸಿಲಿಕೋ ಮ್ಯಾಂಗನೀಸಿಗೆ 4,000ದ ಆಸುಪಾಸು. ತಿಂಗಳಿಗೆ 200 ಯೂನಿಟ್ ಬಳಸುವ ಮನೆಯೊಂದರ 20 ತಿಂಗಳ ವಿದ್ಯುತ್ತು 1 ಟನ್ ಸಿಲಿಕೋ ಮ್ಯಾಂಗನೀಸಿಗೆ ಹೋಗುತ್ತದೆ ಎಂದು ಮಕ್ಕಳಿಗೆ ಹೇಳಿ.

ಆ ಮೊದಲ ಅರ್ಧ ದಾರಿಯನ್ನು ಕುಲುಮೆಯಲ್ಲಿ ಅಲಕ್ಷಿಸಿದರೆ ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಹೊಸಬನಾಗಿದ್ದಾಗ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ, ಒಂದು ಮಳೆಗಾಲ, ಒದ್ದೆಯಾದ ಪುಡಿ ಅದಿರನ್ನೇ ತುಂಬಿದರು. ಪುಡಿ ಬೆಂದು ಕುಲುಮೆಯ ಮೇಲ್ಭಾಗದಲ್ಲಿ ಚಪ್ಪಡಿಯಂತೆ ಗಟ್ಟಿಯಾಯಿತು. ಅನಿಲ ಅದರ ಮೂಲಕ ಹಾಯಲಿಲ್ಲ, ಮೇಲಿನ ಅದಿರು ಕಪ್ಪು ಡೈಆಕ್ಸೈಡಾಗಿಯೇ ಉಳಿಯಿತು. ಕೆಳಗೆ ರಾಶಿ ಕರಗಿ ಪೊಳ್ಳಾಯಿತು. ಚಪ್ಪಡಿ ಒಮ್ಮೆಲೇ ಕುಸಿದಾಗ ಆಮ್ಲಜನಕ ತುಂಬಿದ ಹಸಿ ಅದಿರು ಕೆಂಡದಂಥ ಕೋಕಿನ ಮೇಲೆ ಬಿತ್ತು. ತಾಸುಗಟ್ಟಲೆ ನಿಧಾನವಾಗಿ ಆಗಬೇಕಾದ ಅಪಕರ್ಷಣೆ ಕ್ಷಣದಲ್ಲಿ ಆಗಿ ಅನಿಲ ಸಿಡಿದೆದ್ದಿತು. ಬೆಂಕಿ, ಕೆಂಡ, ಬಿಸಿ ಕಲ್ಲು ಚಾವಣಿಯವರೆಗೆ ಹಾರಿತು. ಪಕ್ಕದಲ್ಲಿದ್ದ ಇಬ್ಬರಿಗೆ ಸುಟ್ಟಗಾಯಗಳಾದವು, ಜೀವ ಉಳಿಯಿತು. ಅಂದಿನಿಂದ ಅದಿರಿನ ತೇವ, ಪುಡಿಯ ಪ್ರಮಾಣ ನೋಡದೆ ನಾನು ಒಂದು ಪಾಳಿಯನ್ನೂ ಶುರು ಮಾಡಿದ್ದಿಲ್ಲ.

ಟ್ಯಾಪಿಂಗ್, ಅಂದರೆ ಕರಗಿದ ಲೋಹ ಹೊರಬಿಡುವ ಹೊತ್ತಿನಲ್ಲಿ ಕಾಣುವ ನೋಟವೊಂದನ್ನು ಹೇಳುತ್ತೇನೆ. ಕುಲುಮೆಯ ಬುಡದ ಮಣ್ಣಿನ ಬಿರಟೆ ಕೊರೆದಾಗ ಲೋಹ, ಕಿಟ್ಟ (ಕರಗಿದ ಕಲ್ಲಿನ ಕಸ) ಎರಡೂ ಹರಿದು ಬರುತ್ತವೆ. ಕಿಟ್ಟ ತಣಿದರೆ ಹಸಿರು, ಅದರೊಳಗೆ ಅಪಕರ್ಷಣೆಗೆ ಒಗ್ಗದೆ ಉಳಿದ ಮ್ಯಾಂಗನಸ್ ಆಕ್ಸೈಡ್ ಸಾಕಷ್ಟಿರುತ್ತದೆ. ಅದನ್ನು ಎಸೆಯುವುದಿಲ್ಲ, ಸಿಲಿಕೋ ಮ್ಯಾಂಗನೀಸಿನ ಕುಲುಮೆಗೆ ಕಳಿಸುತ್ತಾರೆ. ಲೋಹ ಹಿಡಿಯುವ ಪಾತ್ರೆ, ಲ್ಯಾಡಲ್ಲಿನ ಮೇಲೆ ಮಾತ್ರ ಕಂದು ಹೊಗೆ ಏಳುತ್ತದೆ. ಅದು ಇದ್ದಿಲಿನ ಹೊಗೆಯಲ್ಲ. ಆವಿಯಾದ ಮ್ಯಾಂಗನೀಸ್ ಗಾಳಿ ಸೋಕಿ ಉರಿದು ಮತ್ತೆ ಆಕ್ಸೈಡಾಗುತ್ತಿರುವುದು. ಇಷ್ಟು ಕರೆಂಟು ಸುರಿದು ಗೆದ್ದ ಲೋಹ ಕಣ್ಣೆದುರೇ ಅದಿರಾಗಿ ಹಾರಿಹೋಗುವುದನ್ನು ನೋಡುವಾಗ ಹೊಟ್ಟೆ ಉರಿಯುತ್ತಿತ್ತು. ಆ ಧೂಳು ನರಗಳಿಗೆ ಕೆಟ್ಟದ್ದು. ಮ್ಯಾಂಗನೀಸ್ ಅದಿರು ಅರೆಯುತ್ತಿದ್ದ ಕೆಲಸಗಾರರ ಕಾಲು ಸೋಲುವುದನ್ನು ಸ್ಕಾಟ್ಲೆಂಡಿನ ಕೂಪರ್ ಎಂಬ ವೈದ್ಯರು 1837ರಲ್ಲೇ ದಾಖಲಿಸಿದ್ದಾರೆ. ನಿಮ್ಮ ಮಕ್ಕಳ ಅಪ್ಪಂದಿರು ಗಣಿಯಲ್ಲೋ ಕುಲುಮೆಯಲ್ಲೋ ಇದ್ದರೆ ಮುಖಗವಸು ಬಿಡಬೇಡಿ ಎಂದು ಹೇಳಿ ಕಳಿಸಿ.

ಸಂಡೂರಿನ ಅದಿರಿನ ಬಗ್ಗೆ ಎರಡು ಮಾತು. ಅದರಲ್ಲಿ ರಂಜಕ ಕಡಿಮೆ, ಇದು ಉಕ್ಕಿನವರಿಗೆ ಬಲು ಪ್ರಿಯ. ಆದರೆ ಕಬ್ಬಿಣ ಹೆಚ್ಚು. ಮೇಲೆ ಹೇಳಿದಂತೆ ಕಬ್ಬಿಣ ಸುಲಭವಾಗಿ ಲೋಹವಾಗುವುದರಿಂದ ಕುಲುಮೆಯಲ್ಲಿ ಅದು ಪೂರ್ತಿ ಲೋಹಕ್ಕೆ ಇಳಿಯುತ್ತದೆ, ಮ್ಯಾಂಗನೀಸ್ ಸ್ವಲ್ಪ ಕಿಟ್ಟದಲ್ಲೇ ಉಳಿಯುತ್ತದೆ. ಹೀಗಾಗಿ ನೂರಕ್ಕೆ 70ಕ್ಕಿಂತ ಹೆಚ್ಚು ಮ್ಯಾಂಗನೀಸ್ ಇರುವ ಮಿಶ್ರಲೋಹ ಬೇಕಾದರೆ ಅದಿರಿನಲ್ಲಿ ಕಬ್ಬಿಣಕ್ಕಿಂತ ಮ್ಯಾಂಗನೀಸ್ ಹಲವು ಪಟ್ಟು ಇರಬೇಕು. ನಿಮ್ಮ ಅದಿರಿಗೆ ಬೇರೆ ಕಡೆಯ ಮೇಲ್ದರ್ಜೆ ಅದಿರು ಬೆರೆಸುವುದು ಇದಕ್ಕೇ. ಇನ್ನೊಂದು ಉಪಾಯವೂ ಅಪಕರ್ಷಣೆಯದ್ದೇ. ಅದಿರನ್ನು ಕಲ್ಲಿದ್ದಲ ಜೊತೆ ಹದವಾಗಿ ಹುರಿದರೆ ಕೆಂಪು ಕಬ್ಬಿಣದ ಆಕ್ಸೈಡ್ ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನಟೈಟ್ ಆಗುತ್ತದೆ, ಮ್ಯಾಂಗನೀಸ್ ಎರಡು ಧನದ ಹಂತಕ್ಕಿಳಿದು ಅಂಟದೆ ಉಳಿಯುತ್ತದೆ. ಆಮೇಲೆ ಅಯಸ್ಕಾಂತದಿಂದ ಕಬ್ಬಿಣ ಆರಿಸಿ ತೆಗೆಯಬಹುದು.

ಇಂಗಾಲವೇ ಬೆರೆಯದ ಶುದ್ಧ ಲೋಹ ಬೇಕೆಂದರೆ ದಾರಿ ಬೇರೆ, ಏಕೆಂದರೆ ಕುಲುಮೆಯ ಮ್ಯಾಂಗನೀಸ್ ನೂರಕ್ಕೆ 6–7ರಷ್ಟು ಇಂಗಾಲ ಹೀರಿಕೊಂಡೇ ಹೊರಬರುತ್ತದೆ. ಹುರಿದ ಅದಿರನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ, ಕಬ್ಬಿಣ, ನಿಕ್ಕಲ್, ಕೋಬಾಲ್ಟನ್ನು ತೆಗೆದು, ಅಮೋನಿಯಂ ಸಲ್ಫೇಟ್ ಬೆರೆಸಿ ವಿದ್ಯುತ್ ಹರಿಸುತ್ತಾರೆ. ನೀರಿನಲ್ಲಿ ಹೈಡ್ರೋಜನ್ ಮೊದಲು ಹೊರಡಬೇಕು, ಅದು ನಿಯಮ. ಅಮೋನಿಯಂ ಲವಣದಿಂದ ಪಿಎಚ್ ಹದದಲ್ಲಿಟ್ಟು, ಸೆಲೆನಿಯಂ ಅಥವಾ ಗಂಧಕದ ಡೈಆಕ್ಸೈಡನ್ನು ಚೂರು ಸೇರಿಸಿ ಹೈಡ್ರೋಜನ್ನಿನ ಕಾಲಿಗೆ ತೊಡಕು ಹಾಕಿ ಮ್ಯಾಂಗನೀಸನ್ನು ಮುಂದೆ ಬಿಡುತ್ತಾರೆ. ಟನ್ನಿಗೆ 5,000 ಯೂನಿಟ್‌ಗೂ ಹೆಚ್ಚು ಬೇಕು. ಜಗತ್ತಿನ ಇಂಥ ಲೋಹದ ಬಹುಪಾಲು ಚೀನಾದಿಂದ ಬರುತ್ತದೆ. ಅಲ್ಯೂಮಿನಿಯಂ ಪುಡಿಯಿಂದಲೂ ಆಗುತ್ತದೆ. ಆದರೆ ಡೈಆಕ್ಸೈಡಿಗೆ ನೇರ ಬೆರೆಸಿದರೆ ಸ್ಫೋಟದಂತೆ ಉರಿಯುವುದರಿಂದ ಮೊದಲು ಅದಿರನ್ನು ಕಾಸಿ ಒಂದಷ್ಟು ಆಮ್ಲಜನಕ ಕಳೆದು ಆಮೇಲೆ ಬೆರೆಸಬೇಕು. ಕಲ್ಲಿದ್ದಲ ಬದಲು ಹೈಡ್ರೋಜನ್ ಬಳಸಿ ಎಂದು ಈಗ ಎಲ್ಲರೂ ಹೇಳುತ್ತಾರೆ. ಕಬ್ಬಿಣಕ್ಕೆ ಸರಿ. ಮ್ಯಾಂಗನೀಸಿನಲ್ಲಿ ಹೈಡ್ರೋಜನ್ನೂ ಅರ್ಧ ದಾರಿಗೇ ಸುಸ್ತಾಗುತ್ತದೆ.

ಕೊನೆಯದಾಗಿ, ಆ ಹುಡುಗಿಗೆ ಒಂದು ಪ್ರಯೋಗ. ಟ್ಯಾಂಕಿನ ಕಪ್ಪು ಲೇಪ ಕೆರೆದು ಎರಡು ಗಾಜಿನ ಬಾಟಲಿಗೆ ಸಮನಾಗಿ ಹಾಕಲಿ. ಒಂದಕ್ಕೆ ಗದ್ದೆಯ ಅಥವಾ ಕೆರೆಯ ಹಸಿ ಕೆಸರು, ಇನ್ನೊಂದಕ್ಕೆ ಅದೇ ಕೆಸರನ್ನು ಚೆನ್ನಾಗಿ ಕುದಿಸಿ ಆರಿಸಿದ್ದು. ಎರಡಕ್ಕೂ ಚಿಟಿಕೆ ಬೆಲ್ಲ ಹಾಕಿ, ಬಾಯಿಯವರೆಗೆ ನೀರು ತುಂಬಿ, ಮುಚ್ಚಳ ಸಡಿಲವಾಗಿ ಮುಚ್ಚಿ ಕತ್ತಲಲ್ಲಿಡಲಿ. ಅನಿಲ ಹುಟ್ಟುತ್ತದೆ, ಬಿಗಿಯಾಗಿ ಮುಚ್ಚಬಾರದು. ವಾರಕ್ಕೊಮ್ಮೆ ಮೇಲಿನ ತಿಳಿನೀರು ಒಂದು ಚಮಚ ಬೇರೆ ತಟ್ಟೆಗೆ ತೆಗೆದು ಚಿಟಿಕೆ ವಾಷಿಂಗ್ ಸೋಡಾ, ಎರಡು ಹನಿ ಬ್ಲೀಚಿಂಗ್ ನೀರು ಬಿಡಲಿ. ಕರಗಿದ ಮ್ಯಾಂಗನೀಸ್ ಇದ್ದರೆ ಗಾಢ ಕಂದು ಬರುತ್ತದೆ, ಕಬ್ಬಿಣವಾದರೆ ತುಕ್ಕಿನ ಕೆಂಪು. ಕುದಿಸದ ಬಾಟಲಿಯಲ್ಲಿ ಬಣ್ಣ ಮೊದಲು ಬರಬೇಕು. ಕುದಿಸಿದ್ದರಲ್ಲೂ ತಡವಾಗಿ ಬಂದರೆ ಗಾಬರಿ ಬೇಡ, ಕುದಿತಕ್ಕೂ ಜಗ್ಗದ ಬೀಜಕಣಗಳಿರುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬಂದ ದಿನ ಪ್ರಯೋಗ ನಿಲ್ಲಿಸಿ ಬಯಲಲ್ಲಿ ಚೆಲ್ಲಿಬಿಡಿ. ಅಷ್ಟೊತ್ತಿಗೆ ಸರದಿ ಮ್ಯಾಂಗನೀಸ್, ಕಬ್ಬಿಣ ದಾಟಿ ಸಲ್ಫೇಟಿಗೆ ಬಂದಿರುತ್ತದೆ, ಆಮೇಲೆ ಕಾಣುವ ಕಪ್ಪು ಕಬ್ಬಿಣದ ಸಲ್ಫೈಡಿನದು.